ಮಾವನ ಎದುರಿನ ಸಂಬಳ

೧೪ ಜೂನ್ ೧೯೬೩, ಶುಕ್ರವಾರ

ಗಿರಣಿ ಕೆಲಸದ ಬೋರಣ್ಣ ಮನಸ್ಸಿನಿಂದ ಹೋಗುತ್ತಿಲ್ಲ. ದಿನಪೂರ್ತಿ ದುಡಿದೂ ತಿಂಗಳಿಗೆ ನೂರು ರೂಪಾಯಿ ಕಾಣದವರು ಎಷ್ಟಿದ್ದಾರೆಂಬ ಗಣತಿಗೆ ಇಂದು ಅವನ ಮನೆಗೆ ಹೋಗಿದ್ದೆ. ಅವನ ಮಾವ ಜಗಲಿಯ ಮೇಲೆಯೇ ಕೂತಿದ್ದರು.

"ನೂರಿಪ್ಪತ್ತು ಬರ್ತದೆ ಸಾರ್" ಎಂದ. ಬರೆದುಕೊಂಡೆ.

ಬೀದಿಯ ತಿರುವಿನಲ್ಲಿ ಓಡಿಬಂದು ಕೈ ಹಿಡಿದುಕೊಂಡ. "ಅರವತ್ತೈದೇ ಸಾರ್. ನಮ್ಮಾವ ಇದ್ರಲ್ಲ, ಅದಕ್ಕೇ ಹಂಗಂದೆ."

ತಿದ್ದಿಕೊಂಡೆ. ಆದರೆ ಈ ವಾರವೆಲ್ಲ ನೆಂಟರಿಷ್ಟರ ಎದುರೇ ಕೇಳಿದ್ದೇನಲ್ಲ! ಹಿಂದೆ ಓಡಿಬಂದವನು ಇವನೊಬ್ಬನೇ. ಉಳಿದವರ ಬಡತನವನ್ನು ನನ್ನ ಕೈಯಾರೆ ಅಳಿಸಿಹಾಕಿದ್ದೇನೆ.

ನಾಳೆ ನಮ್ಮ ಬೀದಿಯ ಸರದಿ. ಬರುವವನು ನಮ್ಮ ಆಫೀಸಿನ ಜಯಸಿಂಹ; ಅವನಿಗೂ ನನಗೂ ಒಂದೇ ಸಂಬಳ, ತೊಂಬತ್ತು. ನನ್ನ ಮಾವನವರು ಹಜಾರದಲ್ಲಿ ಮಲಗಿದ್ದಾರೆ. ಹೆಣ್ಣು ನೋಡಲು ಹೋದಾಗ ಅವರಿಗೆ ನೂರೈವತ್ತು ಎಂದಿದ್ದೆ. ಜಯಸಿಂಹ ಬಾಗಿಲಲ್ಲೇ ನಿಂತು ಕೇಳಿಬಿಟ್ಟರೆ ಯಾವ ಅಂಕಿ ಹೇಳಲಿ?