ಅಪ್ಪ ಮುಗಿಸಿದ ರಜಾಯಿ

ನನ್ನ ಅಮ್ಮನಿಗೆ,

ನನ್ನ ಹೊಟ್ಟೆಯಲ್ಲಿದ್ದ ಮಗುವಿಗೆಂದು ನೀನು ಹೋಗುವ ಮುಂಚೆ ಹೊಲಿದಿಟ್ಟಿದ್ದೆಯಲ್ಲ, ಬಿಳಿ ರಜಾಯಿ, ಅದು ಹಾಳಾಯಿತು ಕಣಮ್ಮ. ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. ಹಾಳು ಮಾಡಿದ್ದು ಅಪ್ಪ. ಬೈಯಬೇಡ, ಪೂರ್ತಿ ಓದು.

ವಿಜಯನಗರದ ಮನೆಯ ಕಿಟಕಿ ಪಕ್ಕ ಕೂತು ನೀನು ಅದನ್ನು ಹೊಲಿಯುತ್ತಿದ್ದೆ. ಎರಡು ಪದರ ಬಟ್ಟೆ, ಮೇಲೆ ಬರೆದುಕೊಂಡ ಹೂಬಳ್ಳಿಯ ಉದ್ದಕ್ಕೂ ಜೋಡಿ ಹೊಲಿಗೆ. ಆ ಸಂದಿಯೊಳಗೆ ಹಿಂದಿನಿಂದ ಮೊಂಡು ಸೂಜಿಯಲ್ಲಿ ಹತ್ತಿಯ ಹುರಿ ತೂರಿಸುತ್ತಿದ್ದೆ. ಮೊಗ್ಗು ಇದ್ದಲ್ಲಿ ಲೈನಿಂಗ್ ಸೀಳಿ, ಚೂರು ಹತ್ತಿ ತುಂಬಿ, ಮತ್ತೆ ಹೊಲಿಯುತ್ತಿದ್ದೆ. ಮುಂದಿನಿಂದ ನೋಡಿದರೆ ಬಳ್ಳಿ ಎಷ್ಟು ಚೆನ್ನಾಗಿ ಉಬ್ಬಿ ನಿಂತಿತ್ತು! ಹಿಂದೆ ಮಾತ್ರ ಪ್ರತಿ ತಿರುವಿಗೂ ಹುರಿಯ ಪುಟ್ಟ ಕುಣಿಕೆಗಳು. "ಇದೇನಮ್ಮ ಗಲೀಜು?" ಅಂದಿದ್ದಕ್ಕೆ, "ಒಗೆದಾಗ ಹುರಿ ಕುಗ್ಗತ್ತೆ ಕಣೇ, ಅದಕ್ಕೇ ಬಿಟ್ಟಿರೋದು. ಮುಟ್ಟಬೇಡ," ಅಂದೆ. ನನಗೆ ಹೇಳಿದೆ ಸರಿ, ಅಪ್ಪನಿಗೆ ಯಾಕೆ ಹೇಳಲಿಲ್ಲ? ನಿನ್ನ ಕೆಲಸವನ್ನು ಚಿಂದಿ ವ್ಯವಹಾರ ಅನ್ನುತ್ತಿದ್ದ ಮನುಷ್ಯ ಅದನ್ನು ಮುಟ್ಟುತ್ತಾರೆ ಅಂತ ಯಾರಿಗೆ ತಾನೇ...

ಮೊನ್ನೆ, ನಾಮಕರಣಕ್ಕೆ ಬೇಕಾಗುತ್ತದೆಂದು ಅಪ್ಪನೇ ಅದನ್ನು ಬೀರುವಿನಿಂದ ತೆಗೆದಿದ್ದಾರೆ. ಕನ್ನಡಕ ಹಾಕಿಕೊಂಡು ಕೂತು, ಒಂದೂ ಬಿಡದೆ ಕುಣಿಕೆಗಳನ್ನು ಕತ್ತರಿಸಿ, ಕೈಯಲ್ಲೇ ಒಗೆದು ತಾರಸಿಯಲ್ಲಿ ಒಣಹಾಕಿದ್ದಾರೆ. ನಾನು ಹೋದಾಗ, "ದಾರ ಎಲ್ಲಾ ಹಂಗೇ ಬಿಟ್ಟು ಹೋಗಿದ್ಲು ಪಾಪ, ಕೈಲಾಗ್ತಿರ್ಲಿಲ್ಲ ಅನ್ಸತ್ತೆ. ನಾನೇ ಮುಗಿಸ್ದೆ," ಅಂದರು. ಹುರಿ ಕುಗ್ಗಿ ಒಳಕ್ಕೆ ಸರಿದುಹೋಗಿತ್ತು. ತಿರುವುಗಳೆಲ್ಲ ಟೊಳ್ಳು, ಬಳ್ಳಿ ತುಂಡು ತುಂಡು. ಸೂಜಿ ತೂರಿಸಿ ಎಳೆದು ನೋಡಿದೆ, ತುದಿಯೇ ಸಿಗಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಇನ್ನೇನು ಮಾಡಲಿ, ನೀನೇ ಹೇಳು?

"ಒಗೆದ್ಮೇಲೆ ಯಾಕೋ ಚಪ್ಪಟೆ ಆಯ್ತಲ್ಲ, ಸೋಪು ಸರಿಯಿಲ್ವೇನೋ?" ಅಂದರು ಅಪ್ಪ.

"ಹೂಂ ಅಪ್ಪ, ಸೋಪೇ," ಅಂದೆ.

ನಾಮಕರಣಕ್ಕೆ ಮಾರೇನಹಳ್ಳಿಯಿಂದ ನಿನ್ನ ಅಕ್ಕ, ದೊಡ್ಡಮ್ಮ, ಬಂದಿದ್ದರು. ಅಪ್ಪ ರಜಾಯಿ ಬಿಡಿಸಿ ಅವರ ಮಡಿಲ ಮೇಲೆ ಹಾಸಿ, "ಹೊಲ್ದಿದ್ದು ಅವಳು, ಫಿನಿಶಿಂಗ್ ನಂದು. ಇಬ್ರೂ ಸೇರಿ ಮಾಡಿದ್ದು," ಅಂದರು. ನೀನು ಹೋದಮೇಲೆ ಅಪ್ಪ ನಕ್ಕಿದ್ದು ಅವತ್ತೇ. ಇಂಥ ಒಂದು ಮಾತಿಗೆ ನೀನು ಎಷ್ಟು ವರ್ಷ ಕಾದೆಯೋ...

ನಾನಂತೂ ಬಾಯಿ ಬಿಡುವುದಿಲ್ಲ. ಅವರ ಕನಸಿಗೆ ಬಂದರೆ ನೀನೂ ಹೇಳಬೇಡಮ್ಮ.