ಅಕ್ಕನ ಮಿಶ್ರಿ

ನಿಲಂಗಾ
೧೪ ನವೆಂಬರ್ ೨೦೨೪

ಪ್ರೀತಿಯ ಅಕ್ಕಾ,

ನಿನ್ನೂರು ದಾಳಿಂಬದಲ್ಲಿ ಸುಖವಾಗಿದ್ದೀಯಾ? ಮೊಣಕಾಲು ಹೇಗಿದೆ? ವಸಡಿನಿಂದ ಇನ್ನೂ ರಕ್ತ ಬರುತ್ತಿದೆಯಾ? ಫೋನಿನಲ್ಲಿ ಕೇಳಿದರೆ "ಆರಾಮ ಅದೀನಿ, ಇಡ್ತೀನಿ" ಎಂದು ಇಟ್ಟುಬಿಡುತ್ತೀ. ಕಾಗದ ನಡುವೆ ಕಟ್ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಉದಗೀರಕ್ಕೆ ನಾಲ್ಕು ಸಲ ಓಡಾಡಿ ನನ್ನ ಸೊಂಟ ಸೋತಿದೆ. ನನ್ನ ಅಕ್ಕ ಕಸ್ತೂರಬಾಯಿಯ ಬಾಯನ್ನು ಹಲ್ಲಿನ ಡಾಕ್ಟರ್ ಬಾಯಿ ಎಷ್ಟು ನೋಡಿದರೂ ಅಷ್ಟೇ. ಮೂರು ತಿಂಗಳ ಹಿಂದೆ ವಸಡಿನೊಳಗಿನ ಕಿಟ್ಟವನ್ನೆಲ್ಲ ಕೆರೆದು ತೆಗೆದರು, ಆದರೂ ಮಾಯುತ್ತಿಲ್ಲ. ಮುಂದಿನ ತಿಂಗಳೂ ಹೀಗೇ ಇದ್ದರೆ ಅಲುಗುತ್ತಿರುವ ಕೆಳಗಿನ ನಾಲ್ಕು ಹಲ್ಲು ಕೀಳಲೇಬೇಕೆಂದು ಅವರು ಹೇಳಿದ್ದನ್ನು ನೀನೂ ಕೇಳಿದ್ದೀ. ಸಕ್ಕರೆ ಕಾಯಿಲೆಯಿದ್ದರೆ ಮಾಯುವುದು ತಡವೆಂದು ರಕ್ತ ಪರೀಕ್ಷೆ ಮಾಡಿಸಿದರು, ಅದು ಸರಿಯಿದೆ. ಊಟ, ನಿದ್ದೆ, ಚಿಂತೆ ಎಲ್ಲ ವಿಚಾರಿಸಿದರು. "ತಂಬಾಕು ತಿಂತೀರೇನ್ರೀ?" ಎಂದಾಗ ನೀನು ಸೆರಗು ಸರಿಮಾಡಿಕೊಂಡು, "ಛೀ, ನಮ್ಮ ಮನ್ಯಾಗ ಯಾರೂ ಮುಟ್ಟಂಗಿಲ್ರೀ" ಎಂದೆ. ನಾನು ಪ್ರೊಫೆಸರನ ಗತ್ತಿನಲ್ಲಿ ತಲೆಯಾಡಿಸಿದೆ. ಇಬ್ಬರೂ ಸುಳ್ಳು ಹೇಳಲಿಲ್ಲ ಅಕ್ಕಾ, ಅದೇ ನನ್ನ ಸಂಕಟ.

ನೀನು ಹೋದ ಮರುದಿನ ಫೋನು ಮಾಡಿ, "ನನ್ನ ಮಿಶ್ರಿ ಡಬ್ಬಿ ಅಲ್ಲೇ ಉಳದದ, ಕಂಡಕ್ಟರ್ ಕೈಯಾಗ ಕೊಟ್ಟು ಕಳಸು" ಎಂದೆಯಲ್ಲ. ನಿನ್ನ ತಮ್ಮನ ಹೆಂಡತಿ ಎಂಬ ಕಷ್ಟದ ಹುದ್ದೆಯಲ್ಲಿರುವ ಸಾರಿಕಾ ಡಬ್ಬಿ ಹುಡುಕಿ ನನ್ನ ಕೈಗಿಟ್ಟು, "ಅಲ್ರೀ, ಇದು ತವಾದ ಮ್ಯಾಲ ಹುರದ ತಂಬಾಕಲ್ಲೇನು?" ಎಂದಳು. ನಾನು ಅಲ್ಲೇ ಕುಳಿತೆ. ನೀನು ತಂಬಾಕನ್ನು ಕರ್ರಗೆ ಹುರಿದು ಕುಟ್ಟುವ ಘಾಟಿಗೇ ಎದ್ದು ಸಾಲೆಗೆ ಹೋದವನು ನಾನು. ಆದರೆ ನಮ್ಮ ಕಡೆ ಅದನ್ನು ತಂಬಾಕೆಂದು ಯಾರು ಎಣಿಸುತ್ತಾರೆ? ಅದು ಹಲ್ಲುಪುಡಿ.

ಡಬ್ಬಿ ಹಿಡಿದು ಒಬ್ಬನೇ ಮತ್ತೆ ಉದಗೀರಕ್ಕೆ ಹೋದೆ. ಡಾಕ್ಟರ್ ಬಾಯಿ ಮೂಸಿ ನೋಡಿ, ದಿನಕ್ಕೆ ಎಷ್ಟು ಸಲ ಎಂದು ಕೇಳಿದರು. "ಅಕ್ಕ ಮೊದಲ ಒಂದೇ ಸಲ ತಿಕ್ಕತಿದ್ದಳ್ರೀ, ಹಲ್ಲು ಸ್ವಚ್ಛ ಇಡ್ರಿ ಅಂತ ನೀವು ಹೇಳಿದ ಮ್ಯಾಲ ನಾಲ್ಕು ಸಲ" ಎಂದೆ. ಪಾಪ, ಅವರಿಗೆ ನಗಲೂ ಬರಲಿಲ್ಲ. "ತಪ್ಪು ನಂದರೀ ಸರ್, ಮಿಶ್ರಿ ಅಂತ ಹೆಸರು ಹಿಡದು ಕೇಳಬೇಕಿತ್ತು" ಎಂದರು. ಈಗಲಾದರೂ ಬಿಟ್ಟರೆ ವಸಡು ಮಾಯಬಹುದು, ಹಲ್ಲು ಉಳಿಯಬಹುದಂತೆ.

ಆದ್ದರಿಂದ ಡಬ್ಬಿ ಬರುವುದಿಲ್ಲ, ಮೆತ್ತನೆಯ ಬ್ರಷ್ ಬರುತ್ತದೆ. ಸಿಟ್ಟಾಗಬೇಡ. ನಿನ್ನ ಹಲ್ಲು ಇಷ್ಟು ಬೇಗ ದಂತಕಥೆಯಾಗುವುದು ಬೇಡ. ವಿಶ್ವನಾಥಪ್ಪ ಮಾಮಾನಿಗೆ ನಮ್ಮಿಬ್ಬರ ಶರಣು ಹೇಳು.

ನಿನ್ನ ದಣಿದ ತಮ್ಮ,
ಸಿದ್ಧೇಶ್ವರ

ತಾ.ಕ.: ಈ ಕಾಗದ ಒಯ್ಯುವ ಉಮರ್ಗಾ ಬಸ್ಸು ಹೊರಡುತ್ತಿದೆ, ಬೇಗ ಹೇಳಿಬಿಡುತ್ತೇನೆ. ಡಾಕ್ಟರ್ ಬಾಯಿ ಆ ದಿನ, "ನೀವೂ ತಿಕ್ಕತೀರೇನ್ರೀ ಸರ್?" ಎಂದು ಕೇಳಿ ನನ್ನನ್ನೂ ಕುರ್ಚಿಯಲ್ಲಿ ಕೂರಿಸಿದರು. ನನ್ನ ವಸಡು ನಿನ್ನದಕ್ಕಿಂತ ಕೆಟ್ಟಿದೆ. ನಾನೂ ಮಿಶ್ರಿ ಬಿಟ್ಟು ಐದು ದಿನವಾಯಿತು. ತಲೆ ಸಿಡಿಯುತ್ತದೆ, ತರಗತಿಯಲ್ಲಿ ಎಲ್ಲರ ಮೇಲೂ ರೇಗುತ್ತೇನೆ. ಒಬ್ಬನಿಂದ ಆಗುತ್ತಿಲ್ಲ ಅಕ್ಕಾ. ಬಂದು ಒಂದು ತಿಂಗಳು ಇಲ್ಲೇ ಇರು, ಕೂಡಿ ಬಿಡೋಣ. ಬರುವಾಗ ಚೀಲದಲ್ಲಿ ಒಂದು ಚಿಟಿಕೆಯೂ ಬಚ್ಚಿಟ್ಟು ತರಬೇಡ. ತಂದರೆ ನನಗೂ ಕೊಡು ಎಂದು ನಾನು ಕೇಳಿಯೇ ಕೇಳುತ್ತೇನೆ.