ಅಂಟು ಒಣಗುವ ಮೊದಲು

ಮಾರ್ಚ್ ೧೪, ಭಾನುವಾರ

ನನ್ನ ಜಗಳಗಂಟಿಗೆ,

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯದ ಈ ಸೋಮಾರಿಯನ್ನು ಬೈದುಕೊಳ್ಳುತ್ತಲೇ ಓದು. ‘ಇಲ್ಲಿ ಎಲ್ಲ ಕ್ಷೇಮ’ ಎಂದು ಬರೆಯಹೋಗಿ ಎರಡು ಹಾಳೆ ಹರಿದು ಬಿಸಾಡಿದೆ. ಪುಟ್ಟಿಯ ಕೆಮ್ಮು ಇಳಿಯಿತೇ? ನಿನ್ನ ಅಕ್ಕ ಈಗಲೂ ನನ್ನನ್ನು ‘ಆ ರೌಡಿ’ ಎಂದೇ ಕರೆಯುತ್ತಾಳೇನು? ಕರೆಯಲಿ ಬಿಡು, ತಪ್ಪೇನಿಲ್ಲ.

ನೀನೇ ಗೆದ್ದೆ ಕಣೇ. ಈ ಊರು ನನಗೆ ಸಾಕಾಯಿತು. ಕಿಟಕಿ ಗಾಜು ಒಡೆದು ಪುಟ್ಟಿಯ ಹಾಸಿಗೆಯ ಮೇಲೆ ಇಟ್ಟಿಗೆ ಬಂದು ಬಿದ್ದ ದಿನವೂ ‘ಊರಲ್ಲಿ ಗಾಜು ಒಡೆದಷ್ಟೂ ನನಗೆ ಕೆಲಸ’ ಎಂದು ಹಲ್ಲು ಕಿರಿದವನು ನಾನು. ನೀನು ಮಗಳನ್ನು ಎತ್ತಿಕೊಂಡು ಅಕ್ಕನ ಊರಿಗೆ ಹೊರಟಾಗಲೂ ‘ಇದು ನನ್ನ ಊರು, ಇಲ್ಲಿ ನನ್ನ ಮುಟ್ಟೋ ಗಂಡಸು ಹುಟ್ಟಿಲ್ಲ’ ಎಂದು ಎದೆ ತಟ್ಟಿಕೊಂಡೆ. ಇಪ್ಪತ್ತರ ವಯಸ್ಸಿನಲ್ಲಿ ಆಚೆ ಬೀದಿಯವನೊಬ್ಬನ ದವಡೆ ಮುರಿದು ಬಂದಾಗ ನಮ್ಮ ಬೀದಿಯವರು ನನ್ನನ್ನು ಹೆಗಲ ಮೇಲೆ ಹೊತ್ತಿದ್ದರಲ್ಲ, ಆ ಅಮಲು ನಲವತ್ತೈದಾದರೂ ಇಳಿದಿರಲಿಲ್ಲ. ಮೊನ್ನೆ ಗುರುವಾರ ಇಳಿಯಿತು.

ಮೂಲೆಯ ದರ್ಜಿಯನ್ನು ಕೊಂದರು. ಪುಟ್ಟಿಯ ಶಾಲೆಯ ಬಟ್ಟೆ ಹೊಲಿದು, ಮಿಕ್ಕ ಚೂರಿನಲ್ಲಿ ಅವಳ ಬೊಂಬೆಗೂ ಅಂಗಿ ಮಾಡಿಕೊಟ್ಟಿದ್ದನಲ್ಲ, ಅವನೇ. ಆಚೆ ಬೀದಿಯವರಿಗೆ ಬಾವುಟ ಹೊಲಿದುಕೊಟ್ಟದ್ದೇ ಅವನ ತಪ್ಪು. ಮಟಮಟ ಮಧ್ಯಾಹ್ನ, ನಮ್ಮ ಬೀದಿಯವರೇ ಏಳು ಜನ, ಕೈಯಲ್ಲಿ ಕಬ್ಬಿಣದ ಸಲಾಕೆ. ನಾನು ಔಷಧಿ ಅಂಗಡಿಯ ಬಾಗಿಲಿಗೆ ಹೊಸ ಗಾಜು ಕೂರಿಸುತ್ತಿದ್ದೆ. ಅದರ ಎದುರಿಗೇ ಅವನನ್ನು ಕೆಡವಿದರು. ‘ಹೊಲಿದ ಕೈ ಯಾವುದೋ? ಚಾಚೋ!’ ಎಂದು ಒಬ್ಬ ಮಣಿಕಟ್ಟು ತುಳಿದು ನಿಂತ, ಇನ್ನೊಬ್ಬ ಬೆರಳುಗಳನ್ನು ಒಂದೊಂದಾಗಿ ಜಜ್ಜಿದ. ‘ಅಯ್ಯೋ, ಕೈ ಬಿಡ್ರಪ್ಪಾ, ಬೇರೆ ಎಲ್ಲಿ ಬೇಕಾದ್ರೂ ಹೊಡೀರಿ’ ಎಂದು ಅವನು ಅರಚಿದ. ಹೊಡೆದರು. ತಲೆಗೇ ಹೊಡೆದರು. ಅವನ ಸದ್ದು ನಿಂತ ಮೇಲೂ ಹೊಡೆಯುತ್ತಲೇ ಇದ್ದರು.

ಅಂಗಡಿಯಾತ ಮೇಜಿನ ಕೆಳಗಿಂದ ಎದ್ದು, ‘ಸದ್ಯ, ಗಾಜಿಗೇನೂ ಆಗ್ಲಿಲ್ಲ’ ಎಂದ. ನಾನು ಹೊರಗೆ ಬಂದ ಮೇಲೆ ಹೊಡೆದವರಲ್ಲೊಬ್ಬ ನೆತ್ತರಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, ‘ಏನಣ್ಣಾ, ನಿಮ್ಮ ಕಾಲದ ಹೊಡೆತಕ್ಕೇನೂ ಕಮ್ಮಿಯಿಲ್ಲ ಅಲ್ವಾ?’ ಎಂದು ಕೇಳಿದ. ಶಭಾಷ್ ಅನ್ನಲಿ ಎಂದು ಕಾಯುತ್ತ ಹಲ್ಲುಬಿಟ್ಟು ನಿಂತಿದ್ದ. ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು. ಸಾಮಾನೆಲ್ಲ ಅಲ್ಲೇ ಬಿಟ್ಟು ಮನೆಗೆ ಬಂದುಬಿಟ್ಟೆ.

ಅಲ್ಲಿಗೆ ಬಂದುಬಿಡಲೇ? ಗಾಜಿನ ಕೆಲಸ ಸಿಗದಿದ್ದರೆ ಕಸ ಗುಡಿಸುತ್ತೇನೆ, ನಿನ್ನ ಅಕ್ಕನ ಬೈಗುಳವನ್ನೂ ತಲೆಬಗ್ಗಿಸಿ ಕೇಳುತ್ತೇನೆ. ಬಾ ಅಂತ ಒಂದು ಸಾಲು ಬರೆ, ಸಾಕು. ಪುಟ್ಟಿ ನೂರು ಕಾಲ ಬಾಳಲಿ, ನೀನೂ ನನ್ನನ್ನು ಬೈಯುತ್ತ ಅವಳ ಜೊತೆಗೇ ತಣ್ಣಗಿರು.

ಇತಿ ನಿನ್ನ
ಮುಂಗೋಪಿ

ತಾ.ಕ.: ಇದನ್ನು ಮುಚ್ಚಿಟ್ಟು ನಿನ್ನ ಅಕ್ಕನ ಮನೆಯ ಮೆಟ್ಟಿಲು ಹತ್ತಲಾರೆ. ದರ್ಜಿ ಮೊದಲು ಓಡಿಬಂದದ್ದು ನಾನು ಗಾಜು ಕೂರಿಸುತ್ತಿದ್ದ ಆ ಅಂಗಡಿ ಬಾಗಿಲಿಗೇ. ಅವರಿನ್ನೂ ಇಪ್ಪತ್ತು ಹೆಜ್ಜೆ ಹಿಂದಿದ್ದರು. ನಾನು ಒಳಗಿನಿಂದ ಚಿಲಕ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ, ಗಾಜಿನ ಸುತ್ತ ಅಂಟು ಎಳೆದು ಐದು ನಿಮಿಷವೂ ಆಗಿರಲಿಲ್ಲ. ಅವನು ಎರಡೂ ಅಂಗೈ ಗಾಜಿಗೆ ಒತ್ತಿ, ‘ಅಣ್ಣಾ, ತೆಗೀರಿ’ ಎಂದ. ಇಪ್ಪತ್ತು ವರ್ಷದಿಂದ ದಿನವೂ ಗಿರಾಕಿಗಳಿಗೆ ಹೇಳುವುದೇ ನನ್ನ ಬಾಯಿಗೆ ಬಂತು: ‘ಹಸಿ ಇದೆ, ಮುಟ್ಬೇಡ.’

ಅವನು ತಕ್ಷಣ ಕೈ ತೆಗೆದುಬಿಟ್ಟ.